ಕಾರಿಗೆ ಕರೆಂಟ್ ಕೊಡುವವರು ಯಾರು?

ಕೋಲ್ಕತ್ತದ ಅಲಿಪುರದಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರಿಗೆ ಆಯ್ಕೆಗೆ ಬರವಿಲ್ಲ. ಟಾಟಾ, ಎಂಜಿ, ಮಹೀಂದ್ರ, ಹ್ಯುಂಡೈ ಎಂದು ಕಂಪನಿಗಳು ಸಾಲುಗಟ್ಟಿವೆ. ಬ್ಯಾಟರಿ 24 ಯೂನಿಟ್ಟಿನದೋ 45 ಯೂನಿಟ್ಟಿನದೋ, ಸಾಲ ಯಾವ ಬ್ಯಾಂಕಿನದು, ವಿಮೆ ಯಾರದು, ಎಲ್ಲವನ್ನೂ ಅಳೆದು ತೂಗಬಹುದು. ಆದರೆ ಕಾರು ಮನೆಗೆ ಬಂದಮೇಲೆ ಅದಕ್ಕೆ ದಿನನಿತ್ಯ ಬೇಕಾಗುವ ಕರೆಂಟ್ ಯಾರಿಂದ ಕೊಳ್ಳಬೇಕು ಎಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರ: ಸಿಇಎಸ್‌ಸಿ. ಬೆಲ್ವೆಡೇರ್ ರಸ್ತೆಯ ಬಂಗಲೆಯಾದರೂ ಅಷ್ಟೆ, ಹೊಸ ಗಗನಚುಂಬಿಯ ಮೂವತ್ತನೇ ಮಹಡಿಯಾದರೂ ಅಷ್ಟೆ. ಮೃಗಾಲಯದ ಎದುರಿನ ಅಂಗಡಿಗೂ ಅದೇ ಕಂಪನಿಯ ಮೀಟರು.

ಲಂಡನ್ನಿನಲ್ಲೋ ಲೀಡ್ಸ್‌ನಲ್ಲೋ ನೆಲೆಸಿದ ನಮ್ಮವರನ್ನು ಕೇಳಿ ನೋಡಿ. ಬ್ರಿಟನ್ನಿನ ಮನೆಮನೆಗೂ ವಿದ್ಯುತ್ ಮಾರಾಟಗಾರರನ್ನು ಬದಲಿಸುವ ಹಕ್ಕು 1999ರ ಹೊತ್ತಿಗೇ ಸಿಕ್ಕಿತು. ಎಲೆಕ್ಟ್ರಿಕ್ ಕಾರಿದ್ದವರಿಗೆಂದೇ ನಡುರಾತ್ರಿ ಅಗ್ಗದ ದರ ಕೊಡುವ ಕಂಪನಿಗಳು ಅಲ್ಲಿವೆ. ಫೋನ್ ಸಿಮ್ ಬದಲಿಸಿದಷ್ಟೇ ಸಲೀಸಾಗಿ ಕಂಪನಿ ಬದಲಿಸುತ್ತಾರೆ. ಅಲಿಪುರದವರಿಗೆ ಆ ಹಕ್ಕಿಲ್ಲ, ಬೆಂಗಳೂರಿನ ಜಯನಗರದವರಿಗೂ ಇಲ್ಲ. ಹಾಗಾದರೆ ನಾವು ಕಳೆದುಕೊಂಡದ್ದೇನು? ಲೆಕ್ಕ ಹಾಕಿ ನೋಡಿದರೆ, ಅಂದುಕೊಂಡಷ್ಟಿಲ್ಲ. ಕಾರಿನವರ ಕೈಯಲ್ಲಿರುವ ದೊಡ್ಡ ಆಯ್ಕೆ ಬೇರೆಯೇ ಇದೆ.

ಒಂದೂರಿಗೆ ಒಂದೇ ತಂತಿ

ಕಲ್ಕತ್ತದಲ್ಲಿ ವಿದ್ಯುತ್ ದೀಪದ ಮೊದಲ ಪ್ರದರ್ಶನ ನಡೆದದ್ದು 1879ರಲ್ಲಿ. ಊರಿಗೆ ಬೆಳಕು ಕೊಡುವ ಪರವಾನಗಿ ಕಿಲ್ಬರ್ನ್ ಕಂಪನಿಗೆ ಸಿಕ್ಕಿದ್ದು 1897ರ ಜನವರಿಯಲ್ಲಿ. ಲಂಡನ್ನಿನಲ್ಲಿ ನೋಂದಣಿಯಾದ ಒಂದು ಸಂಸ್ಥೆಯ ಪರವಾಗಿ ಅದು ಪಡೆದ ಪರವಾನಗಿ ಅದು. ಆ ಸಂಸ್ಥೆಯೇ ಸ್ವಲ್ಪ ದಿನಗಳಲ್ಲಿ ಕಲ್ಕತ್ತ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್, ಅಂದರೆ ಸಿಇಎಸ್‌ಸಿ, ಎಂದು ಹೆಸರಾಯಿತು. 1899ರ ಏಪ್ರಿಲ್ 17ರಂದು ಇಮಾಂಬಾಗ್ ಲೇನ್‌ನಲ್ಲಿ ಅದರ ಮೊದಲ ಉಷ್ಣಸ್ಥಾವರ ಚಾಲೂ ಆಯಿತು. ನಮ್ಮ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಮೈಸೂರು ಸಂಸ್ಥಾನ ಕಾವೇರಿಯ ನೀರಿನಿಂದ ಶುರುಮಾಡಿದರೆ ಕಲ್ಕತ್ತ ಕಲ್ಲಿದ್ದಲಿನಿಂದ ಶುರುಮಾಡಿತು. (ಮೈಸೂರಿನವರು ಗೊಂದಲಕ್ಕೀಡಾಗುವುದು ಬೇಡ. ಅವರ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ ಇವೇ ನಾಲ್ಕು ಇಂಗ್ಲಿಷ್ ಅಕ್ಷರಗಳು, ಆದರೆ ಅದು ಸರ್ಕಾರಿ ಕಂಪನಿ. ಕೋಲ್ಕತ್ತದ್ದು ಖಾಸಗಿ, ಈಗ ಗೋಯೆಂಕಾ ಸಮೂಹದ್ದು.)

ಅದೇ 1902ರ ಮಾರ್ಚ್‌ನಲ್ಲಿ ಎಸ್ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಓಡಿತು. ಖಿದಿರ್‌ಪುರ ಅಲಿಪುರದ ಮಗ್ಗುಲಲ್ಲೇ ಇದೆ. ಈ ಬಡಾವಣೆಯ ಪಕ್ಕದಲ್ಲಿ ವಿದ್ಯುತ್ ವಾಹನ ಓಡಾಡತೊಡಗಿ ಶತಮಾನ ದಾಟಿದೆ ಎಂದಾಯಿತು.

ಊರಿಗೆ ಒಂದೇ ತಂತಿ ಇರುವುದಕ್ಕೆ ಕಾರಣವಿದೆ. ಒಂದು ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕೇಬಲ್ ಹೂಳಿ, ಎರಡೆರಡು ಟ್ರಾನ್ಸ್‌ಫಾರ್ಮರ್ ಕೂರಿಸಿದರೆ ಖರ್ಚು ಇಮ್ಮಡಿ, ಗ್ರಾಹಕರು ಮಾತ್ರ ಅಷ್ಟೇ ಮಂದಿ. ಆದ್ದರಿಂದ ಜಗತ್ತಿನ ಬಹುತೇಕ ಊರುಗಳಲ್ಲಿ ತಂತಿಗೆ ಒಬ್ಬನೇ ಒಡೆಯ. ಕೋಲ್ಕತ್ತ ಮತ್ತು ಹೌರಾದ 567 ಚದರ ಕಿ.ಮೀ. ಪ್ರದೇಶ ಸಿಇಎಸ್‌ಸಿಯದು. ಅಲಿಪುರ ಬಿಟ್ಟು ಸಾಲ್ಟ್ ಲೇಕ್‌ಗೆ ಮನೆ ಬದಲಿಸಿದರೆ ಪೂರೈಕೆದಾರನೂ ಬದಲಾಗುತ್ತಾನೆ. ಅಲ್ಲಿ ರಾಜ್ಯ ಸರ್ಕಾರದ ವಿತರಣಾ ಕಂಪನಿ. ಕರೆಂಟ್ ಕಂಪನಿ ಬದಲಿಸಬೇಕೆಂದರೆ ಇಲ್ಲಿ ಸಾಮಾನು ಸರಂಜಾಮು ಕಟ್ಟಿ ಮನೆಯನ್ನೇ ಬದಲಿಸಬೇಕು.

ಭಾರತದಲ್ಲಿ ಇದಕ್ಕೆ ಎದ್ದುಕಾಣುವ ಅಪವಾದವೆಂದರೆ ಮುಂಬೈ. ಟಾಟಾ ಪವರ್ ಕಂಪನಿ ಮನೆಗಳಿಗೂ ನೇರವಾಗಿ ವಿದ್ಯುತ್ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2008ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ದಾರಿ ತೆರೆಯಿತು. ಮುಂಬೈ ಉಪನಗರಗಳ ಲಕ್ಷಾಂತರ ಗ್ರಾಹಕರು ಹಳೇ ಪೂರೈಕೆದಾರ ರಿಲಯನ್ಸ್ ಬಿಟ್ಟು ಟಾಟಾ ಕಡೆಗೆ ಹೋದರು. ಗಮನಿಸಬೇಕಾದ ಸಂಗತಿ ಏನೆಂದರೆ, ಅವರಲ್ಲಿ ಹೆಚ್ಚಿನವರ ಮನೆಗೆ ಕರೆಂಟ್ ಬಂದದ್ದು ಹಳೇ ತಂತಿಯಲ್ಲೇ. ಬಿಲ್ಲಿನ ಮೇಲಿನ ಹೆಸರು ಬದಲಾಯಿತು, ತಂತಿಯ ಬಾಡಿಗೆ ಹಳೇ ಕಂಪನಿಗೇ ಸಂದಾಯವಾಗುತ್ತ ಹೋಯಿತು. ಒಂದೇ ಜಾಲದಲ್ಲಿ ಹಲವು ಕಂಪನಿಗಳು ವಿದ್ಯುತ್ ಮಾರುವುದಕ್ಕೆ ಅವಕಾಶ ಕೊಡುವ ತಿದ್ದುಪಡಿ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಯ ಪಾಲಾಯಿತು.

ಎಲೆಕ್ಟ್ರಾನ್ ಎಲ್ಲಿಂದಲೂ ಬರುವುದಿಲ್ಲ

ಕಂಪನಿ ಬದಲಿಸಿದರೆ ಕಾರಿಗೆ ಬೇರೆ ಕರೆಂಟ್ ಬರುತ್ತದೆಯೇ? ಇಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ತಂತಿಯೊಳಗೆ ಇಣುಕಬೇಕು.

ಪಾರ್ಕಿಂಗ್ ಜಾಗದಲ್ಲಿ 16 ಆಂಪಿಯರ್‌ನ ಸಾಕೆಟ್ಟಿಗೆ ಕಾರು ಸಿಕ್ಕಿಸಿದ್ದೀರಿ ಎನ್ನಿ. ನಾಲ್ಕು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಅಷ್ಟು ವಿದ್ಯುತ್ ಹರಿಯುವಾಗ ಎಲೆಕ್ಟ್ರಾನ್‌ಗಳ ಸರಾಸರಿ ವೇಗ ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಬಸವನಹುಳು ಇದಕ್ಕಿಂತ ಜೋರಾಗಿ ಹೋಗುತ್ತದೆ. ಸಾಲದ್ದಕ್ಕೆ ನಮ್ಮ ಮನೆಯ ಕರೆಂಟ್ ಎಸಿ, ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಲಾಡುವಂಥದ್ದು. ಎಲೆಕ್ಟ್ರಾನ್ ಮುಂದಕ್ಕೆ ಒಂದೆರಡು ಮೈಕ್ರೋಮೀಟರ್ ಸರಿಯುತ್ತದೆ, ಅಷ್ಟರಲ್ಲಿ ಹಿಂದಕ್ಕೆ ಬಾ ಎಂಬ ಕರೆ ಬರುತ್ತದೆ. ಆ ದೂರ ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ. ಸಿಇಎಸ್‌ಸಿಯ ಬಜ್‌ಬಜ್ ಸ್ಥಾವರದಲ್ಲಿ ಹೊರಟ ಎಲೆಕ್ಟ್ರಾನು ಅಲಿಪುರಕ್ಕೆ ಎಂದೂ ಬಂದು ಸೇರುವುದಿಲ್ಲ. ಸಾಗಿ ಬರುವುದು ಶಕ್ತಿ ಮಾತ್ರ. ತಂತಿಯ ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರದಲ್ಲಿ ಅದು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಬರುತ್ತದೆ.

ಆ ಶಕ್ತಿಗೆ ಯಾವ ಕಂಪನಿಯ ಮುದ್ರೆಯೂ ಇರುವುದಿಲ್ಲ. ಬ್ಯಾಂಕಿಗೆ ನೀವು ಕಟ್ಟಿದ ನೋಟೇ ನಿಮಗೆ ವಾಪಸ್ ಬರುವುದಿಲ್ಲ, ಲೆಕ್ಕ ತಾಳೆಯಾದರೆ ಸಾಕು. ವಿದ್ಯುತ್ ಕಂಪನಿಯ ಕೆಲಸವೂ ಹಾಗೇ: ಗ್ರಾಹಕ ಬಳಸಿದಷ್ಟನ್ನು ಯಾವುದೋ ಸ್ಥಾವರದಿಂದ ಜಾಲಕ್ಕೆ ತುಂಬಿಸಿ ಲೆಕ್ಕ ಸರಿದೂಗಿಸುವುದು. ಬ್ರಿಟನ್ನಿನಲ್ಲಿ 'ಹಸಿರು ಕರೆಂಟ್' ಕೊಳ್ಳುವವರ ಮನೆಗೂ ಪಕ್ಕದ ಮನೆಗೂ ಬರುವುದು ಅದೇ ಮಿಶ್ರಣ. ವ್ಯತ್ಯಾಸವೇನಿದ್ದರೂ ಖಾತೆ ಪುಸ್ತಕದಲ್ಲಿ.

ನಮ್ಮ ಜಾಲವೋ ಬಲು ದೊಡ್ಡದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ದಕ್ಷಿಣದ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಬೆಸೆಯಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಆವರ್ತಾಂಕ. ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನ, ಶರಾವತಿಯ ಟರ್ಬೈನು, ಹಲ್ದಿಯಾದ ಕಲ್ಲಿದ್ದಲ ಸ್ಥಾವರ ಎಲ್ಲವೂ 50 ಹರ್ಟ್ಸ್‌ನ ಒಂದೇ ತಾಳಕ್ಕೆ ಕಟ್ಟುಬಿದ್ದಿವೆ. ಅಲಿಪುರದಲ್ಲಿ ಸಂಜೆ ಎಂಟಕ್ಕೆ ಸಾವಿರ ಕಾರುಗಳು ಒಟ್ಟಿಗೆ ಚಾರ್ಜಿಗೆ ನಿಂತರೆ ದೇಶದ ಅಷ್ಟೂ ಜನರೇಟರುಗಳ ವೇಗ ಒಂದಿಷ್ಟೇ ಇಷ್ಟು ತಗ್ಗುತ್ತದೆ. ಅದನ್ನು ಕಂಡ ನಿಯಂತ್ರಕ ಯಂತ್ರಗಳು ಎಲ್ಲೋ ಹಬೆಯನ್ನೋ ನೀರನ್ನೋ ಹೆಚ್ಚಿಗೆ ಬಿಡುತ್ತವೆ. ನಿಮ್ಮ ಕಾರಿಗೆ ಯಾರ ಶಕ್ತಿ ಬಂತು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ: ನೀವು ಪ್ಲಗ್ ಸಿಕ್ಕಿಸಿದ ಗಳಿಗೆಯಲ್ಲಿ ಹೆಚ್ಚುವರಿ ಕೆಲಸಕ್ಕೆ ಹೆಗಲು ಕೊಟ್ಟ ಸ್ಥಾವರ ಯಾವುದೋ, ಅದರದು.

ಬಿಲ್ಲಿನ ಕಡೇ ಹಂತ

ಇನ್ನು ದುಡ್ಡಿನ ಮಾತು. ನಗರದ ಓಡಾಟದಲ್ಲಿ ಸಾಧಾರಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ. ತಿಂಗಳಿಗೆ 1000 ಕಿ.ಮೀ. ಎಂದರೆ 143 ಯೂನಿಟ್. ಎಸಿಯನ್ನು ಡಿಸಿಗೆ ಪರಿವರ್ತಿಸುವಾಗ, ಬ್ಯಾಟರಿ ಬಿಸಿಯಾಗುವಾಗ ಶೇ 10–12ರಷ್ಟು ಸೋರಿಹೋಗುತ್ತದೆ. ಮೀಟರಿನಲ್ಲಿ ತೋರುವುದು 160 ಯೂನಿಟ್.

ಕೋಲ್ಕತ್ತದಲ್ಲಿ ಮನೆಬಳಕೆಯ ದರ ಹಂತಹಂತವಾಗಿ ಏರುತ್ತದೆ. ಮೊದಲ 25 ಯೂನಿಟ್ಟಿಗೆ ₹5 ಚಿಲ್ಲರೆ, ನಡುವಿನ ಹಂತಗಳಲ್ಲಿ ಏರುತ್ತ ಏಳೂವರೆ ರೂಪಾಯಿ ಆಸುಪಾಸಿಗೆ, 300 ಯೂನಿಟ್ ದಾಟಿದ ಮೇಲೆ ₹9ಕ್ಕೂ ಹೆಚ್ಚು. ಮನೆಯ ಫ್ಯಾನು, ಫ್ರಿಜ್ಜು, ಎಸಿ ಸೇರಿ ಮೊದಲೇ 250 ಯೂನಿಟ್ ಆಗಿದ್ದರೆ ಕಾರಿನ 160ರಲ್ಲಿ 110 ಯೂನಿಟ್ ಹೋಗಿ ಕೂರುವುದು ಕಡೇ ಹಂತದಲ್ಲಿ. ಕರೆಂಟ್ ಬಿಲ್ಲಿನ ಸರಾಸರಿ ದರ ನೋಡಿ ಕಾರಿನ ಖರ್ಚು ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ. ಕಾರಿಗೆ ಅನ್ವಯವಾಗುವುದು ಸರಾಸರಿ ದರವಲ್ಲ, ತುದಿಯ ದರ. ಹಾಗಿದ್ದೂ ಕಾರಿನ ಪಾಲು ತಿಂಗಳಿಗೆ ₹1400 ಹತ್ತಿರ, ಅಂದರೆ ಕಿ.ಮೀ.ಗೆ ₹1.40. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ ₹105 ಹಿಡಿದರೂ, ಅಷ್ಟೇ ಓಡಾಟಕ್ಕೆ ₹7000 ಬೇಕು. ಬೇರೆ ಕಂಪನಿ ಬಂದು ಯೂನಿಟ್ಟಿಗೆ ಒಂದು ರೂಪಾಯಿ ಇಳಿಸಿದರೆ ಉಳಿಯುವುದು ತಿಂಗಳಿಗೆ ₹160. ಪೆಟ್ರೋಲ್ ಬಿಟ್ಟದ್ದರಿಂದ ಉಳಿದದ್ದರ ಮುಂದೆ ಅದು ಚಿಲ್ಲರೆ ಕಾಸು.

ಕರ್ನಾಟಕದಲ್ಲಿ ಲೆಕ್ಕ ಬೇರೆ. ಬೆಸ್ಕಾಂ ಮುಂತಾದ ಕಂಪನಿಗಳ ಮನೆಬಳಕೆಗೆ ಯೂನಿಟ್ಟಿಗೆ ಒಂದೇ ದರ; 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ ಅದು ₹5.80 ಇತ್ತು. ಜೊತೆಗೆ ಪ್ರತಿ ಕಿಲೋವಾಟ್ ಲೋಡಿಗೆ ₹145 ನಿಗದಿತ ಶುಲ್ಕವಿತ್ತು. ಹಂತಗಳ ಕಾಟವಿಲ್ಲ, ಆದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಅಂಚು ಇದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 140 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ಕಾರಿನ 160 ಸೇರಿದರೆ 300 ಯೂನಿಟ್ಟಿನ ಬಿಲ್ಲೂ ತಲೆಯ ಮೇಲೆ ಬೀಳುತ್ತದೆ, ನಿಗದಿತ ಶುಲ್ಕವೂ ಬೀಳುತ್ತದೆ. ಇಂಥವರಿಗೆ ಇರುವ ದಾರಿ ಕಾರಿಗೆ ಪ್ರತ್ಯೇಕ ಮೀಟರ್. ವಾಹನ ಚಾರ್ಜಿಂಗ್‌ಗೆಂದೇ ಕರ್ನಾಟಕದಲ್ಲಿ ಬೇರೆ ದರವರ್ಗವಿದೆ. ಕಾರಿಗೆ ಬೇರೆ ಸಂಪರ್ಕ ಕೇಳುವ ಹಕ್ಕನ್ನು ಕೇಂದ್ರದ 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮ ದೇಶದ ಎಲ್ಲರಿಗೂ ಕೊಟ್ಟಿದೆ. ಮಹಾನಗರಗಳಲ್ಲಿ ಹೊಸ ಸಂಪರ್ಕಕ್ಕೆ ಅದು ವಿಧಿಸಿರುವ ಗಡುವು ಮೂರು ದಿನ.

ಗಂಟೆಯ ಆಯ್ಕೆ

ಮನೆಯಲ್ಲಿ ಕರೆಂಟ್ ಬಳಸುವವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯಲು ತಯಾರಿರುವುದು ಕಾರು. ಸೆಕೆಯಲ್ಲಿ ಎಸಿ ಕಾಯುವುದಿಲ್ಲ, ಅಡುಗೆ ಹೊತ್ತಿಗೆ ಮಿಕ್ಸಿ ಕಾಯುವುದಿಲ್ಲ. ದಿನಕ್ಕೆ 33 ಕಿ.ಮೀ. ಓಡುವ ಕಾರಿಗೆ ಬೇಕಾದದ್ದು ಐದು ಯೂನಿಟ್ ಚಿಲ್ಲರೆ. 3 ಕಿಲೋವಾಟ್‌ನ ಸಾಧಾರಣ ಸಾಕೆಟ್ಟಿನಲ್ಲಿ ಅದು ಎರಡು ಗಂಟೆಯೊಳಗಿನ ಕೆಲಸ. ಕಾರು ನಿಂತೇ ಇರುವುದು ದಿನದ ಇಪ್ಪತ್ತಕ್ಕೂ ಹೆಚ್ಚು ಗಂಟೆ. ಯಾವ ಎರಡು ಗಂಟೆ ಎಂಬುದು ನಿಮ್ಮ ಕೈಯಲ್ಲಿದೆ.

ಕೋಲ್ಕತ್ತದಲ್ಲಿ ಬೇಸಿಗೆಯ ಗರಿಷ್ಠ ಬೇಡಿಕೆ ಸಿಇಎಸ್‌ಸಿಯ ಜಾಲವೊಂದರಲ್ಲೇ 2600 ಮೆಗಾವಾಟ್ ದಾಟುವುದುಂಟು. ಇತ್ತ ಸಂಜೆ ಸೂರ್ಯ ಇಳಿಯುತ್ತಿದ್ದಂತೆ ದೇಶದ ಸೌರಸ್ಥಾವರಗಳು ಕೈಬಿಡುತ್ತವೆ, ಮನೆಗಳಲ್ಲಿ ದೀಪ, ಟಿವಿ, ಎಸಿ ಒಟ್ಟಿಗೆ ಶುರುವಾಗುತ್ತವೆ. ಪುರುಲಿಯಾದ 900 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಸ್ಥಾವರ, ಬೇಡಿಕೆ ಕಡಿಮೆಯಿದ್ದಾಗ ಮೇಲಿನ ಜಲಾಶಯಕ್ಕೆ ನೀರೆತ್ತಿ ಇಟ್ಟುಕೊಂಡು, ಇಂಥ ಹೊತ್ತಿಗೆಂದೇ ಕೆಳಕ್ಕೆ ಬಿಡುತ್ತದೆ. ಪಶ್ಚಿಮ ಬಂಗಾಳದ ಹೊತ್ತುವಾರು ದರಪಟ್ಟಿ ಈ ನಡವಳಿಕೆಯನ್ನೇ ಹಿಡಿದಿಟ್ಟಿದೆ: ಬೆಳಿಗ್ಗೆ 6ರಿಂದ ಸಂಜೆ 5 ಸಾಮಾನ್ಯ, 5ರಿಂದ ರಾತ್ರಿ 11 ದುಬಾರಿ, 11ರಿಂದ ಬೆಳಿಗ್ಗೆ 6 ಅಗ್ಗ. 2023ರ ಜೂನ್‌ನಲ್ಲಿ ಕೇಂದ್ರ ತಂದ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಸಿಲಿನ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು ಎಂದಿತು. ಕೃಷಿ ಬಿಟ್ಟು ಉಳಿದೆಲ್ಲ ಗ್ರಾಹಕರಿಗೆ 2025ರ ಏಪ್ರಿಲ್‌ನಿಂದ ಇದು ಅನ್ವಯ ಎಂದೂ ಹೇಳಿತು. ಆದರೆ ಹಳೇ ಮೀಟರಿಗೆ ಗಂಟೆ ಗೊತ್ತಾಗುವುದಿಲ್ಲ, ಒಟ್ಟು ಯೂನಿಟ್ ಮಾತ್ರ ಗೊತ್ತು. ಸ್ಮಾರ್ಟ್ ಮೀಟರ್ ಬಂದ ಮೇಲಷ್ಟೇ ಹೊತ್ತುವಾರು ದರ. ಜನರ ವಿರೋಧದಿಂದಾಗಿ ಪಶ್ಚಿಮ ಬಂಗಾಳ ಸರ್ಕಾರ 2025ರ ಜೂನ್‌ನಲ್ಲಿ ಮನೆಗಳಿಗೆ ಸ್ಮಾರ್ಟ್ ಮೀಟರ್ ಹಾಕುವುದನ್ನೇ ತಡೆಹಿಡಿಯಿತು.

ಮೀಟರಿಗೆ ಗೊತ್ತಾಗದಿದ್ದರೂ ವಾತಾವರಣಕ್ಕೆ ಗೊತ್ತಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ 1000 ಕಿ.ಮೀ.ಗೆ ಪೆಟ್ರೋಲ್ ಕಾರು ಉಗುಳುವುದು 153 ಕಿಲೋ. ದೇಶದ ಸರಾಸರಿ ಕರೆಂಟ್ ಒಂದು ಯೂನಿಟ್ಟಿಗೆ 0.73 ಕಿಲೋದಷ್ಟು ಹೊಗೆ ಹೊತ್ತಿರುತ್ತದೆ. 160 ಯೂನಿಟ್ಟಿಗೆ 117 ಕಿಲೋ. ಬರೀ ಕಲ್ಲಿದ್ದಲಿನ ಕರೆಂಟ್ ಆದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ, ಒಟ್ಟು 155ರ ಆಸುಪಾಸು. ಅಂದರೆ ಕಲ್ಲಿದ್ದಲಿನಲ್ಲಿ ಓಡುವ ಎಲೆಕ್ಟ್ರಿಕ್ ಕಾರು ಊರಿನ ಬೀದಿಯ ಹೊಗೆ ತಪ್ಪಿಸುತ್ತದೆಯೇ ಹೊರತು ಭೂಮಿಯ ಬಿಸಿಗೆ ಹೇಳಿಕೊಳ್ಳುವಂಥ ಉಪಕಾರ ಮಾಡುವುದಿಲ್ಲ. ಬಂಗಾಳ ಕಲ್ಲಿದ್ದಲಿನ ನಾಡು. ರಾತ್ರಿ ಹನ್ನೊಂದರ ಮೇಲಿನ ಅಗ್ಗದ ಕರೆಂಟ್ ಬಹುಪಾಲು ಅದರದೇ, ಏಕೆಂದರೆ ರಾತ್ರಿ ಬೇಡಿಕೆ ಇಳಿದರೂ ಬಾಯ್ಲರುಗಳನ್ನು ಪೂರ್ತಿ ಆರಿಸಲು ಬರುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಚಾರ್ಜ್ ಮಾಡಿದರೆ ಪಾವಗಡ, ರಾಜಸ್ಥಾನ, ಗುಜರಾತಿನ ಬಿಸಿಲಿಗೂ ಅದರಲ್ಲಿ ಪಾಲು ಸಿಗುತ್ತದೆ. ಹಾಗಾಗಿ ಜಾಲದ ದೃಷ್ಟಿಯಿಂದ ಸಂಜೆ ಕೆಟ್ಟದ್ದು, ರಾತ್ರಿ ಪರವಾಗಿಲ್ಲ, ಮಧ್ಯಾಹ್ನ ಎಲ್ಲಕ್ಕಿಂತ ಒಳ್ಳೆಯದು.

ನೆಲಮಾಳಿಗೆಯಲ್ಲಿ

ಅಲಿಪುರದ ಹಳೇ ಬಂಗಲೆಗಳ ಪಕ್ಕದಲ್ಲೇ ಬಹುಮಹಡಿ ಕಟ್ಟಡಗಳು ಎದ್ದಿವೆ. ಕಾರು ನಿಲ್ಲುವುದು ಅವುಗಳ ನೆಲಮಾಳಿಗೆಯಲ್ಲಿ. ಗೋಡೆಗೆ ಕೂರಿಸುವ 7.2 ಕಿಲೋವಾಟ್ ಚಾರ್ಜರ್ ಒಂದು ಎಳೆಯುವ ವಿದ್ಯುತ್ತು ಒಂದೂವರೆ ಟನ್ನಿನ ನಾಲ್ಕೈದು ಎಸಿಗಳಷ್ಟು. ಹತ್ತು ಕಾರು ಒಟ್ಟಿಗೆ ನಿಂತರೆ 72 ಕಿಲೋವಾಟ್. ಕಟ್ಟಡದ ಮಂಜೂರಾದ ಲೋಡ್ ಅಷ್ಟಿರದಿದ್ದರೆ ಫ್ಯೂಸ್ ಹಾರುತ್ತದೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆ. ಅದೇ ಹತ್ತು ಕಾರುಗಳಿಗೆ 3 ಕಿಲೋವಾಟ್‌ನ ಸಾಕೆಟ್ ಕೊಟ್ಟು ಸರದಿಯಲ್ಲಿ ಎರಡೆರಡು ಗಂಟೆ ಹಂಚಿದರೆ 10 ಕಿಲೋವಾಟ್ ಒಳಗೇ ಕೆಲಸ ಮುಗಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ನಿವಾಸಿಗಳ ಸಂಘದ ಒಂದು ಸಭೆ ಸಾಕು. ಇಡೀ ಕಟ್ಟಡಕ್ಕೆ ಒಂದೇ ಸಂಪರ್ಕ ಬೇಕೋ ಮನೆಮನೆಗೆ ಬೇರೆ ಬೇಕೋ ಎಂಬುದನ್ನೂ ವಿತರಣಾ ಕಂಪನಿ ಮತ ಹಾಕಿಸಿ ತೀರ್ಮಾನಿಸಬೇಕೆಂದು 2024ರ ನಿಯಮ ಹೇಳುತ್ತದೆ.

ಸುರಕ್ಷತೆಯಲ್ಲಿ ಜಿಪುಣತನ ಸಲ್ಲದು. ಎರಡು ಗಂಟೆ ಸತತ 13–14 ಆಂಪಿಯರ್ ಎಳೆಯುವಾಗ ಸಡಿಲ ಸಾಕೆಟ್ ಸುಟ್ಟುಹೋಗುತ್ತದೆ. ಬಿಸಿ ಹುಟ್ಟುವುದು ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ: ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಕಾರಿಗೆಂದು ಮೀಟರ್ ಬೋರ್ಡಿನಿಂದಲೇ ಬೇರೆ ವೈರು, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಸೋರಿಕೆ ಕಂಡೊಡನೆ ಕಡಿದುಹಾಕುವ ಆರ್‌ಸಿಸಿಬಿ, ಇಷ್ಟಂತೂ ಇರಲೇಬೇಕು. ಕೋಲ್ಕತ್ತದಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು: ಎತ್ತರ. 2025ರ ಸೆಪ್ಟೆಂಬರ್ 23ರ ಮಹಾಮಳೆಯಲ್ಲಿ ನೀರು ನಿಂತ ಬೀದಿಗಳಲ್ಲಿ ವಿದ್ಯುತ್ ತಗುಲಿ ಜನ ಸತ್ತರು. ನೀರು ನುಗ್ಗುವ ನೆಲಮಾಳಿಗೆಯಲ್ಲಿ ಚಾರ್ಜರನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಕೂರಿಸಬೇಕು.

ತಾರಸಿಯ ಕಂಪನಿ

ಅಲಿಪುರದವರಿಗೆ ಎರಡನೇ ಪೂರೈಕೆದಾರ ಬೇಕೇ ಬೇಕೆಂದರೆ ಅದು ತಲೆಯ ಮೇಲೇ ಇದೆ. ತಾರಸಿಯ 3 ಕಿಲೋವಾಟ್ ಸೌರಫಲಕ ಈ ಊರಿನ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಹತ್ತು ಹನ್ನೊಂದು ಯೂನಿಟ್ ಕೊಡಬಲ್ಲದು. ಕಾರಿಗೆ ಬೇಕಾದ ಐದು ಯೂನಿಟ್ಟಿನ ಎರಡರಷ್ಟು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ ₹78,000 ಸಹಾಯಧನವಿದೆ. ಫ್ಲ್ಯಾಟಿನವರಿಗೆ ಸ್ವಂತ ತಾರಸಿ ಇರುವುದಿಲ್ಲ ನಿಜ. ಆದರೆ ನಿವಾಸಿಗಳ ಸಂಘಗಳು ವಾಹನ ಚಾರ್ಜಿಂಗ್ ಸೇರಿದಂತೆ ಸಾಮೂಹಿಕ ಬಳಕೆಗೆ ಫಲಕ ಹಾಕಿಸಿದರೆ ಕಿಲೋವಾಟ್‌ಗೆ ₹18,000 ಸಿಗುತ್ತದೆ. ಕಾರು ಹಗಲು ಕಚೇರಿಯಲ್ಲಿರುವವರು ಕಚೇರಿಯಲ್ಲೇ ಚಾರ್ಜ್ ಮಾಡುವ ವ್ಯವಸ್ಥೆ ಕೇಳಬೇಕು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಬಿಸಿಲ ಹೊತ್ತಿನ ದರ ಕಡಿಮೆ ಇರಲಿ ಎಂದು ಕೇಂದ್ರದ 2024ರ ಮಾರ್ಗಸೂಚಿಯೇ ಹೇಳಿದೆ.

ಆದ್ದರಿಂದ ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ಕರೆಂಟ್ ಕಂಪನಿಯ ಹೆಸರಿನ ಬಗ್ಗೆ ಕೊರಗಬೇಡಿ. ಮೂರು ಕೆಲಸ ಮಾಡಿ. ಹಳೇ ಬಿಲ್ಲುಗಳನ್ನು ತೆಗೆದು ನೀವು ಯಾವ ಹಂತದಲ್ಲಿದ್ದೀರಿ ನೋಡಿ. ನಿಮ್ಮ ವಿತರಣಾ ಕಂಪನಿಯ ಕಚೇರಿಗೆ ಹೋಗಿ ಕಾರಿಗೆ ಬೇರೆ ಮೀಟರ್, ಹೊತ್ತುವಾರು ದರ ಇವೆಯೇ, ಮಂಜೂರಾದ ಲೋಡ್ ಸಾಕೇ ಎಂದು ಕೇಳಿ ತಿಳಿಯಿರಿ. ಆಮೇಲೆ ಕಾರಿನ ಟೈಮರನ್ನು ರಾತ್ರಿ ಹನ್ನೊಂದರ ಮೇಲಕ್ಕೋ, ಅನುಕೂಲವಿದ್ದರೆ ಮಧ್ಯಾಹ್ನಕ್ಕೋ ತಿರುಗಿಸಿಡಿ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಮಾತ್ರ ಪ್ಲಗ್ ಮುಟ್ಟಬೇಡಿ.